ಅಪ್ಪ ನೆಟ್ಟ ನೀಲಗಿರಿ ಕಿತ್ತರೆ ತಾತನ ಬಾವಿಗೆ ನೀರು ಬರುತ್ತಾ?

ಮಾಲೂರು ಕಡೆಯವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸಣ್ಣ ಊರು. ಇರುವುದು ಎರಡೂವರೆ ಎಕರೆ ಹೊಲ. 1988ರಲ್ಲಿ ಅಪ್ಪ ಅದರ ತುಂಬಾ ನೀಲಗಿರಿ ಹಾಕಿದರು. ಆಗ ನನಗೆ ಒಂಬತ್ತು ವರ್ಷ. ಸಸಿ ಪುಕ್ಕಟೆ ಸಿಕ್ಕಿತ್ತು. ಅಪ್ಪ ಗುಣಿ ತೋಡುತ್ತಾ ಮುಂದೆ ಹೋಗುತ್ತಿದ್ದರು. ಸಸಿ ಇಟ್ಟು ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದವನು ನಾನು.

ಅದಕ್ಕೆ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದೆವು, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಹೊಲದ ಮೂಲೆಯಲ್ಲಿ ಒಂದು ಕಲ್ಲು ಕಟ್ಟಿದ ಬಾವಿ ಇದೆ. 38 ಅಡಿ ಆಳ. ತಾತ ಅದರಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರಂತೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ನಾನು ಈಜು ಕಲಿತದ್ದೂ ಅದರಲ್ಲೇ. 1995ರ ಬೇಸಿಗೆಯಲ್ಲಿ ಮೊದಲ ಸಲ ಅದರ ತಳ ನೋಡಿದೆ. ಊರವರೆಲ್ಲ ಬಂದು ಬಗ್ಗಿ ನೋಡಿದರು. ಒಂದು ತಾಮ್ರದ ಬಿಂದಿಗೆ ಸಿಕ್ಕಿತು, ಅಜ್ಜಿ ಕಳೆದುಕೊಂಡಿದ್ದದ್ದು.

ಆಮೇಲೆ ಮನೆ ಹತ್ತಿರ ಬೋರ್‌ವೆಲ್ ಹಾಕಿಸಿದೆವು. ಮೊದಲನೆಯದು 280 ಅಡಿಗೆ ನೀರು ಕೊಟ್ಟಿತು. ಎರಡನೆಯದು 650 ಅಡಿ. ಕೊನೆಯದನ್ನು 2016ರಲ್ಲಿ ಸಾಲ ಮಾಡಿ 1,340 ಅಡಿ ಕೊರೆಸಿದೆವು. ರಾತ್ರಿಯಿಡೀ ಬೂದಿಯಂಥ ದೂಳು ಬಂತು, ಒಂದು ಹನಿ ನೀರಿಲ್ಲ. ಬೆಳಗಿನ ಜಾವ ರಿಗ್ಗಿನ ಸದ್ದು ನಿಂತಿತು. ಅಪ್ಪ ಏನೂ ಮಾತಾಡದೆ ಎದ್ದು ಒಳಗೆ ಹೋದರು.

ನೀಲಗಿರಿಯನ್ನು ಈವರೆಗೆ ನಾಲ್ಕು ಸಲ ಕಡಿದು ಮಾರಿದ್ದೇವೆ. ಮೊದಲ ಕಟಾವಿನ ದುಡ್ಡಿನಲ್ಲೇ ಅಕ್ಕನ ಮದುವೆ ಆಗಿದ್ದು. ಅದನ್ನು ಮರೆಯಲಾರೆ. ಈಗ ಐದನೆಯ ಕಟಾವಿಗೆ ಬಂದಿದೆ. ವ್ಯಾಪಾರಿ ದಿನಾ ಫೋನ್ ಮಾಡುತ್ತಾನೆ.

ಹೋದ ವರ್ಷ ಅಪ್ಪ ತೀರಿಕೊಂಡರು. ಈ ಸಲ ಮರ ಕಡಿದ ಮೇಲೆ ಬುಡವನ್ನೂ ಕಿತ್ತು ಹಾಕಬೇಕು ಅಂತ ಮನಸ್ಸು ಮಾಡಿದ್ದೇನೆ. ಆ ತೋಪಿನೊಳಗೆ ಹೋದರೆ ಕಾಲ ಕೆಳಗೆ ಬರೀ ಒಣ ಎಲೆ. ಹುಲ್ಲಿಲ್ಲ, ಒಂದು ತುಂಬೆ ಗಿಡವೂ ಇಲ್ಲ. ಹಕ್ಕಿ ಗೂಡು ನೋಡಿ ಎಷ್ಟು ವರ್ಷವಾಯಿತೋ. ಬುಡ ಮತ್ತೆ ಚಿಗುರದಂತೆ ಮಾಡುವುದು ಹೇಗೆ? ಆ ಮಣ್ಣಿನಲ್ಲಿ ಮತ್ತೆ ರಾಗಿ ಬರುತ್ತಾ? ತಾತನ ಬಾವಿಗೆ ನೀರು ಬರುತ್ತಾ? "ಸುತ್ತ ಮೂವತ್ತು ಎಕರೆ ನೀಲಗಿರಿ ಇದೆ, ನೀನೊಬ್ಬ ಕಿತ್ತರೆ ಏನಾಗುತ್ತೆ?" ಅಂತ ಪಕ್ಕದ ಹೊಲದವರು ಕೇಳುತ್ತಾರೆ. ಇನ್ನೊಂದು ಮಾತೂ ಇದೆ. ಅಪ್ಪ ಮಾಡಿದ್ದು ತಪ್ಪು ಅಂತ ಊರಿಗೆ ಸಾರಿದಂತೆ ಆಗುತ್ತದೇನೋ ಎಂಬ ನೋವು ಒಳಗೆ ಕಾಡುತ್ತಿದೆ.

ಚಿಂತಾಮಣಿ ರೈತರ ಉತ್ತರ:

ಕೀಳಿ ಅಣ್ಣ, ಯೋಚನೆ ಮಾಡಬೇಡಿ. ನಾನು 2018ರಲ್ಲಿ ಮೂರು ಎಕರೆ ಕೀಳಿಸಿದೆ.

ಬರೀ ಕಡಿದರೆ ಆಗುವುದಿಲ್ಲ, ಅದು ನಿಮಗೂ ಗೊತ್ತು. ಒಂದು ಬುಡದಿಂದ ಆರೇಳು ಚಿಗುರು ಏಳುತ್ತವೆ. ಜೆಸಿಬಿ ತರಿಸಿ ಬುಡಸಮೇತ ಎಬ್ಬಿಸಲೇಬೇಕು. ಬುಡಗಳನ್ನು ಬಿಸಾಡಬೇಡಿ. ನಿಮ್ಮ ಮಾಲೂರಿನಲ್ಲಿ ಇಟ್ಟಿಗೆ ಗೂಡುಗಳಿಗೆ ಬರ ಇಲ್ಲವಲ್ಲ, ಅಲ್ಲಿ ಸೌದೆಗೆ ಕೊಳ್ಳುತ್ತಾರೆ. ನನಗೆ ಗಾಡಿ ಬಾಡಿಗೆಯಲ್ಲಿ ಅರ್ಧ ಅದರಿಂದಲೇ ಹುಟ್ಟಿತು. ಮುರಿದು ಉಳಿದ ಬೇರಿನಿಂದ ಅಲ್ಲಲ್ಲಿ ಚಿಗುರು ಬರುತ್ತದೆ. ಮೊದಲ ವರ್ಷ ಹದಿನೈದು ದಿನಕ್ಕೊಮ್ಮೆ ಹೊಲ ಸುತ್ತಿ ಮುರಿಯುತ್ತಿರಬೇಕು.

ಮೊದಲ ಮುಂಗಾರಿಗೆ ನಾನು ಆಸೆಪಟ್ಟು ರಾಗಿ ಹಾಕಿದೆ. ಗೇಣುದ್ದ ಬಂದು ಹಳದಿಯಾಗಿ ನಿಂತಿತು. ಕಣ್ಣಲ್ಲಿ ನೀರು ಬಂತು. ನಮ್ಮ ಊರಿನ ಹಿರಿಯರೊಬ್ಬರು, "ಮೂವತ್ತು ವರ್ಷ ಉಪವಾಸ ಬಿದ್ದ ನೆಲ ಕಣಪ್ಪ, ಮೊದಲು ಅದಕ್ಕೆ ಊಟ ಹಾಕು" ಅಂದರು. ಎರಡನೇ ವರ್ಷ ಕುರಿ ಮಂದೆ ಕೂರಿಸಿದೆ, ಕೆರೆ ಗೋಡು (ಹೂಳು ಮಣ್ಣು) ಹೊಡೆಸಿದೆ, ಹುರುಳಿ ಚೆಲ್ಲಿ ಹೂವಿಗೆ ಬಂದಾಗ ಅದನ್ನೇ ಉತ್ತು ಮಣ್ಣಿಗೆ ಸೇರಿಸಿದೆ. ಮೂರನೇ ವರ್ಷ ರಾಗಿ ಸೊಂಟದವರೆಗೆ ಬಂತು. ಬದುವಿನಲ್ಲಿ ಹೊಂಗೆ ಹಾಕಿದ್ದೇನೆ. ಈಗ ಅದರ ನೆರಳಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಬಾವಿ ವಿಷಯ ತಿಳಿದವರು ಹೇಳಲಿ. ನನ್ನ ಹೊಲದಲ್ಲಿ ಬಾವಿ ಇಲ್ಲ.

ಅಂತರ್ಜಲದ ಕೆಲಸದಿಂದ ನಿವೃತ್ತನಾದವನ ಉತ್ತರ:

ನಿಮ್ಮ 38 ಅಡಿಯ ಬಾವಿ ಮತ್ತು 1,340 ಅಡಿಯ ಬೋರ್‌ವೆಲ್, ಇವೆರಡರ ಕಥೆ ಬೇರೆ ಬೇರೆ. ಅದನ್ನು ಬಿಡಿಸಿ ಹೇಳುತ್ತೇನೆ.

ಕೋಲಾರದ ನೆಲದ ಕೆಳಗೆ ಇರುವುದು ಗಟ್ಟಿ ಬಂಡೆ. ಅದರ ಮೇಲೆ ಕೊಳೆತು ಪುಡಿಯಾದ ಕಲ್ಲಿನ ಒಂದು ಪದರ ಇದೆ. ಕೆಲವು ಕಡೆ ಮೂವತ್ತು ಅಡಿ, ಕೆಲವು ಕಡೆ ನೂರು ಅಡಿ. ಸ್ಪಂಜಿನ ಹಾಗೆ ಮಳೆ ನೀರನ್ನು ಹಿಡಿದಿಡುವುದು ಈ ಪದರವೇ. ನಿಮ್ಮ ತಾತನ ಬಾವಿಗೆ ನೀರು ಬರುತ್ತಿದ್ದದ್ದು ಇದರಿಂದ. ಇದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ಸಿಗುತ್ತದೆ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ನೀರು ಹಳೆಯದು. ಅದು ತುಂಬಲು ಬಹಳ ಕಾಲ ಬೇಕು. ಕಲ್ಲಿನ ಜೊತೆ ಹೆಚ್ಚು ಕಾಲ ಇರುವ ನೀರಿಗೆ ಫ್ಲೋರೈಡ್ ಸೇರುವುದೂ ಹೀಗೆಯೇ. ಆದ್ದರಿಂದ ಆ ಒಣ ಬೋರ್‌ವೆಲ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಅದರ ಬಾಯನ್ನು ಇವತ್ತೇ ಭದ್ರವಾಗಿ ಮುಚ್ಚಿ. ಮಕ್ಕಳು ಓಡಾಡುವ ಜಾಗ.

ಬಾವಿಗೆ ಆಸೆ ಇದೆ. ಹೊಸಕೋಟೆಯ ಹತ್ತಿರ ವಿಜ್ಞಾನಿಗಳು ನೀಲಗಿರಿ ಎಷ್ಟು ನೀರು ಕುಡಿಯುತ್ತದೆ ಅಂತ ವರ್ಷಗಟ್ಟಲೆ ಅಳೆದಿದ್ದಾರೆ. ಆಳವಾದ ಕೆಂಪು ಮಣ್ಣಿನಲ್ಲಿ ಅದು ಆ ವರ್ಷ ಬಿದ್ದ ಮಳೆಗಿಂತ ಜಾಸ್ತಿ ನೀರು ಎಳೆದಿತ್ತು. ಬೇರನ್ನು ಇನ್ನೂ ಕೆಳಗೆ ಇಳಿಸಿ, ಹಿಂದಿನ ವರ್ಷಗಳ ನೀರನ್ನೂ ಕುಡಿದಿತ್ತು. ಅಂದರೆ ಸ್ಪಂಜು ಒದ್ದೆಯಾಗುವುದಕ್ಕೇ ಅದು ಬಿಡುವುದಿಲ್ಲ. ನೀವು ಕಿತ್ತರೆ ಮೊದಲ ಕೆಲವು ಮಳೆಗಾಲ ಆ ಒಣ ಮಣ್ಣನ್ನು ನೆನೆಸುವುದಕ್ಕೇ ಸರಿಹೋಗುತ್ತದೆ. ನೀರು ಬಾವಿಗೆ ಇಳಿಯುವುದು ಆಮೇಲೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ಆದರೆ ನೆಟ್ಟದ್ದು ಚಿಗುರುತ್ತಲೇ ಇದೆ.

ಎಲ್ಲವನ್ನೂ ಮರದ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಮೇಲಿನ ಸ್ಪಂಜನ್ನು ಮರ ಹೀರಿತು, ಕೆಳಗಿನ ಬಿರುಕುಗಳನ್ನು ನಮ್ಮ ಮೋಟರ್‌ಗಳು ಬರಿದು ಮಾಡಿದವು. ಬಾಡಿಗೆ ರಿಗ್ಗು ಮನೆ ಬಾಗಿಲಿಗೆ ಬಂತು. ಪಂಪ್‌ಸೆಟ್ಟಿಗೆ ವಿದ್ಯುತ್ತಿನ ಬಿಲ್ ಇಲ್ಲ. ಟೊಮೆಟೊಗೆ ಬೆಲೆ ಬಂದ ವರ್ಷ ಯಾರು ಮೋಟರ್ ನಿಲ್ಲಿಸುತ್ತಾರೆ?

ಮುಳಬಾಗಿಲು ಕಡೆಯವಳ ಉತ್ತರ:

ನಿಮ್ಮ ಕೆರೆ ಹೇಗಿದೆ? ಅದನ್ನು ಯಾರೂ ಕೇಳಲಿಲ್ಲ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲು ಈ ಒಂದೇ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಕೆರೆ ಇದ್ದವು. ಒಂದು ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ನನ್ನ ತವರಿನಲ್ಲಿ ನೀರುಗಂಟಿ ಇದ್ದರು. ತೂಬು ಎತ್ತುವುದು, ಕಾಲುವೆ ನೋಡಿಕೊಳ್ಳುವುದು ಅವರ ಕೆಲಸ. ಎಲ್ಲರೂ ಬೋರ್‌ವೆಲ್ ಹಾಕಿಸಿದ ಮೇಲೆ ಅವರ ಪಾಲಿನ ರಾಗಿ ಕೊಡುವುದನ್ನು ಊರು ನಿಲ್ಲಿಸಿತು. ಅವರು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಎರಡೇ ವರ್ಷಕ್ಕೆ ಕಾಲುವೆಯಲ್ಲಿ ಜಾಲಿ ಬೆಳೆಯಿತು. ಆಮೇಲೆ ಕಾಲುವೆಯೇ ಯಾರದೋ ಹೊಲದ ಒಳಗೆ ಹೋಯಿತು.

ಕೊನೆಗೆ ಕೆರೆಯ ಮಣ್ಣಿಗೂ ಕೈ ಹಾಕಿದರು. ರಾತ್ರಿ ಹೊತ್ತು ಅಂಗಳದ ಮಣ್ಣು ಅಗೆದು, ನೀರಿನಲ್ಲಿ ತೊಳೆದು, ಫಿಲ್ಟರ್ ಮರಳು ಮಾಡಿ ಲಾರಿಗೆ ತುಂಬುತ್ತಿದ್ದರು. ಕುಡಿಯಲು ನೀರಿಲ್ಲದ ಊರಿನಲ್ಲಿ ಮಣ್ಣು ತೊಳೆಯುವುದಕ್ಕೆ ನೀರಿತ್ತು! ನಾನು ಆಗ ಕಾಲೇಜು ಹುಡುಗಿ. ಟ್ಯಾಂಕರ್ ಮುಂದೆ ಬಿಂದಿಗೆ ಸಾಲಿನಲ್ಲಿ ನಿಂತುಕೊಂಡು ಆ ಲಾರಿಗಳನ್ನು ಎಣಿಸುತ್ತಿದ್ದೆ. ನನ್ನ ತಮ್ಮನ ಹಲ್ಲು ಕಂದುಬಣ್ಣಕ್ಕೆ ತಿರುಗಿದ್ದು ಆ ಫ್ಲೋರೈಡ್ ಸೇರಿದ ಆಳದ ಬೋರ್‌ವೆಲ್ ನೀರು ಕುಡಿದು. ಅವನು ಇವತ್ತಿಗೂ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡೇ ನಗುತ್ತಾನೆ.

2018ರಿಂದ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬರುತ್ತಿದೆ. ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಒಂದೊಂದೇ ಕೆರೆ ತುಂಬಿತು. ನೀರು ನೋಡಿ ನಮ್ಮಮ್ಮ ಅರಿಶಿನ ಕುಂಕುಮ ಹಾಕಿದರು. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿದ ನೀರು. ಮೂರನೇ ಹಂತವೂ ಆಗಲೇಬೇಕು ಅಂತ ಜನ ಕೇಳುತ್ತಲೇ ಇದ್ದಾರೆ. ನಾನೂ ಕೇಳುತ್ತೇನೆ. ನಮ್ಮ ಮಳೆಯ ನೀರಿಗೆ ದಾರಿ ಬಿಟ್ಟಿದ್ದರೆ ಇದಕ್ಕೆ ಕೈಚಾಚಬೇಕಿತ್ತಾ?

ನಿಮ್ಮ ಹೊಲದ ಪಕ್ಕ ಹಳೆಯ ಕಾಲುವೆ ಇತ್ತಾ, ಊರಿನ ಹಳೆ ನಕಾಶೆ ತೆಗೆಸಿ ನೋಡಿ.

ಹೊಸಕೋಟೆಯಿಂದ ಒಬ್ಬರ ಉತ್ತರ:

ನಾನೂ ನೀಲಗಿರಿ ಇಟ್ಟುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಅಮ್ಮ ಒಬ್ಬರೇ. ರಾಗಿ ಹಾಕಿದರೆ ಕಳೆ ಕೀಳುವವರು ಯಾರು? ಕೂಲಿಗೆ ಜನ ಸಿಗುವುದಿಲ್ಲ. ಬೀಳು ಬಿಟ್ಟರೆ ಒತ್ತುವರಿ ಆಗುತ್ತೆ ಅನ್ನುವ ಭಯ. ನಮ್ಮಂಥವರು ಕೆಟ್ಟವರಲ್ಲ, ದಾರಿ ಕಾಣದವರು. ನಿಮ್ಮ ಹೊಲದಲ್ಲಿ ಏನಾಯಿತು ಅಂತ ತಪ್ಪದೆ ಬರೆಯಿರಿ. ನಿಮ್ಮದು ನೋಡಿ ನಾನೂ ನಿರ್ಧಾರ ಮಾಡುತ್ತೇನೆ.

ಮಾಲೂರು ಕಡೆಯವನು, ಮೂರು ವಾರದ ಮೇಲೆ:

ಎಲ್ಲರಿಗೂ ಕೈಮುಗಿಯುತ್ತೇನೆ. ಬೋರ್‌ವೆಲ್ ಬಾಯಿಗೆ ಅವತ್ತೇ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿದೆ.

ಮುಳಬಾಗಿಲಿನ ಅಕ್ಕ ಹೇಳಿದ ಹಾಗೆ ನಕಾಶೆ ತೆಗೆಸಿದೆ. ಬಾವಿಯ ಹಿಂದೆಯೇ ಕಾಲುವೆ ಇದೆ! ನಾನು ಇಷ್ಟು ವರ್ಷ ಅದನ್ನು ಹಳ್ಳ ಬಿದ್ದ ಬದು ಅಂದುಕೊಂಡಿದ್ದೆ. ಅದರೊಳಗೆ ನಮ್ಮ ನೀಲಗಿರಿಯ ಎರಡು ಸಾಲು ನಿಂತಿವೆ. ಆ ಗುಣಿಗಳಿಗೂ ನೀರು ಹುಯ್ದವನು ನಾನೇ. ಅದನ್ನು ನೋಡಿ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಅಪ್ಪನ ವಿಷಯ ಅಮ್ಮನ ಹತ್ತಿರ ಹೇಳಿಕೊಂಡೆ. ಅವರು ಹೇಳಿದ್ದು ಇಷ್ಟೇ: "ನಿಮ್ಮಪ್ಪ ಆ ಬೋರು ಫೇಲಾದ ಮೇಲೆ ಒಂದು ದಿನವೂ ಆ ತೋಪಿನೊಳಗೆ ಹೋಗಲಿಲ್ಲ, ನೀನು ಗಮನಿಸಲಿಲ್ಲ." ನಾನು ನಿಜವಾಗಿ ಗಮನಿಸಿರಲಿಲ್ಲ.

ಕಾಲುವೆಯ ಉದ್ದಕ್ಕೂ ಆರು ಮನೆಯವರ ಹೊಲ ಬರುತ್ತದೆ. ಇಬ್ಬರು ಒಪ್ಪಿದ್ದಾರೆ. ಒಬ್ಬರು ಬಯ್ದು ಕಳಿಸಿದರು. ಉಳಿದವರು ಹೊಸಕೋಟೆಯವರ ಹಾಗೆ, ನನ್ನದು ನೋಡಿ ಹೇಳುತ್ತೇವೆ ಅಂದಿದ್ದಾರೆ. ಮರ ಕಡಿದು ಆಯಿತು. ಭಾನುವಾರ ಬುಡ ಕೀಳುವುದಕ್ಕೆ ಗಾಡಿ ಬರುತ್ತದೆ. ಕಾಲುವೆಯಲ್ಲಿರುವ ಎರಡು ಸಾಲಿನಿಂದಲೇ ಶುರು ಮಾಡಿಸುತ್ತೇನೆ.

ಚಿಂತಾಮಣಿಯವರೇ, ಹುರುಳಿ ಎಕರೆಗೆ ಎಷ್ಟು ಸೇರು ಚೆಲ್ಲಿದಿರಿ? ಮಳೆ ಬೀಳುವ ಮೊದಲೇ ಬೀಜ ತಂದಿಟ್ಟುಕೊಳ್ಳಬೇಕು.