ಸಹಾಯ ಬೇಕು: ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಸಂಗೀತ ಹೇಗೆ ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ. 68 ವರ್ಷದ ನಮ್ಮ ತಾಯಿಯವರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶ್ರವಣನರಕ್ಕೆ ವಿದ್ಯುತ್ ಸಂಕೇತ ಕಳಿಸಿ ಕೇಳಿಸುವಂತೆ ಮಾಡುವ, ಒಳಕಿವಿಯಲ್ಲಿ ಕೂರಿಸುವ ಸಾಧನ) ಅಳವಡಿಸಿ ನಾಲ್ಕು ತಿಂಗಳಾಗಿದೆ. ಮೊದಮೊದಲು ಎಲ್ಲರ ದನಿಯೂ ತಗಡು ಬಡಿದಂತಿದೆ ಎನ್ನುತ್ತಿದ್ದವರು ಈಗ ಎದುರಿಗೆ ಕುಳಿತು ಆಡಿದ ಮಾತನ್ನು ಬಹುಪಾಲು ಗ್ರಹಿಸುತ್ತಾರೆ. ಆದರೆ ‘ಪಾಟಿ’, ‘ಪಾತಿ’ಗಳ ವ್ಯತ್ಯಾಸ ಮಾತ್ರ ತಿಳಿಯುವುದಿಲ್ಲ (ಇದಕ್ಕೆ ತುಟಿಯ ಚಲನೆಯೂ ನೆರವಾಗದು). ಶಬ್ದವನ್ನು ಗ್ರಹಿಸುವ ಒಳಕಿವಿಯ ಸಾವಿರಾರು ರೋಮಕೋಶಗಳ ಕೆಲಸವನ್ನು ಇಂಪ್ಲಾಂಟ್‌ನ ಕೇವಲ 22 ವಿದ್ಯುದ್ವಾರಗಳು ಮಾಡಬೇಕಾಗಿರುವುದರಿಂದ ಲಯವು ಸ್ಪಷ್ಟವಾಗಿಯೂ ಸ್ವರದ ಏರಿಳಿತವು ಮಸುಕಾಗಿಯೂ ತಲುಪುತ್ತದೆಂದು ಶ್ರವಣತಜ್ಞರು ವಿವರಿಸಿದ್ದಾರೆ. ಅದರಂತೆಯೇ, ಆದಿತಾಳವನ್ನು ತಪ್ಪದೆ ಹಾಕುವ ಅಮ್ಮ, ತಾವೇ ವರ್ಷಗಟ್ಟಲೆ ಹಾಡಿದ ಮೋಹನ ರಾಗವನ್ನು ಗುರುತಿಸಲಾರದೆ ಕಣ್ಣೀರು ಹಾಕುತ್ತಾರೆ. ದೊಡ್ಡವರಾದ ಮೇಲೆ ಶ್ರವಣ ಕಳೆದುಕೊಂಡು ಇಂಪ್ಲಾಂಟ್ ಹಾಕಿಸಿಕೊಂಡವರು ಯಾವ ಅಭ್ಯಾಸದಿಂದ, ಎಷ್ಟು ಕಾಲದಲ್ಲಿ ರಾಗಗಳನ್ನು ಮತ್ತೆ ಗುರುತಿಸಿದಿರೆಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.