ಅಪ್‌ಡೇಟ್: ಬೇಸ್ 3ರಲ್ಲಿ 1093 ಬರೆದರೆ ಬರೀ ಒಂದುಗಳು ಬರುತ್ತಿದ್ದವಲ್ಲ, ಅದರ ಕಥೆ

ಹೋದ ವಾರ ಕೇಳಿದ್ದೆ: ಅವಿಭಾಜ್ಯ ಸಂಖ್ಯೆಗಳನ್ನು ಬೇಸ್ 3ಕ್ಕೆ (0, 1, 2 ಅಂಕಿಗಳಷ್ಟೇ ಇರುವ, ಎಡಕ್ಕೆ ಹೋದಂತೆ ಸ್ಥಾನದ ಬೆಲೆ ಮೂರು ಪಟ್ಟಾಗುವ ಬರಹಕ್ಕೆ) ಬದಲಾಯಿಸುವ ನನ್ನ ಪೈಥಾನ್ ಪ್ರೋಗ್ರಾಂ 1093ಕ್ಕೆ 1111111 ಅಂತ ತೋರಿಸುತ್ತಿದೆ, ಲೂಪ್ ಎಲ್ಲಾದರೂ ಕೈಕೊಟ್ಟಿದೆಯಾ ಅಂತ. ಇಲ್ಲ, ಉತ್ತರ ಸರಿಯಾಗಿಯೇ ಇದೆ. ಎರಡು ಸಂಜೆ ಸುಮ್ನೆ ಹಾಳಾಯಿತು!

ಕೆಲಸಕ್ಕೆ ಬಂದಿದ್ದು "ಮೂರರಿಂದ ಗುಣಿಸಿ, ಮೂಲ ಸಂಖ್ಯೆ ಕಳೆದು ನೋಡಿ" ಅಂತ ಉತ್ತರಗಳಲ್ಲಿ ಬಂದ ಸಲಹೆ. ಬೇಸ್ 3ರಲ್ಲಿ ಮೂರರಿಂದ ಗುಣಿಸುವುದು ಅಂದರೆ ಕೊನೆಗೊಂದು ಸೊನ್ನೆ ಸೇರಿಸುವುದು, ಅಷ್ಟೇ. 11111110ರಿಂದ 1111111 ಕಳೆದರೆ ಉಳಿಯುವುದು ಮೂರರ ಏಳನೇ ಘಾತಕ್ಕಿಂತ ಒಂದು ಕಡಿಮೆ, ಅಂದರೆ 2186. ಮೂರು ಪಟ್ಟಿನಿಂದ ಒಂದು ಪಟ್ಟು ಕಳೆದರೆ ಉಳಿಯುವುದು ಮೂಲ ಸಂಖ್ಯೆಯ ಎರಡು ಪಟ್ಟು, ಹಾಗಾಗಿ 2186ರ ಅರ್ಧ, ಅಂದರೆ 1093, ನಮ್ಮ ಸಂಖ್ಯೆ.

"ಒಂದುಗಳ ಎಣಿಕೆ ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯ" ಅಂತ ಉತ್ತರಗಳಲ್ಲಿ ಅಂದಿದ್ದು ಮಾತ್ರ ನಡೆಯಲಿಲ್ಲ. ಐದು ಒಂದು ಹಾಕಿದರೆ 121, ಅದು 11×11. ಹನ್ನೊಂದು ಹಾಕಿದರೆ 88573, ಅದೂ 23×3851. ಹದಿಮೂರು ಹಾಕಿದಾಗ ಬರುವ 797161 ಮತ್ತೆ ಅವಿಭಾಜ್ಯ. ಆದರೆ ಎಣಿಕೆಯೇ ಭಾಜ್ಯವಾಗಿದ್ದರೆ ಸಂಖ್ಯೆ ಖಂಡಿತ ಒಡೆಯುತ್ತದೆ.

ನಿಜವಾದ ಮಜಾ ಇನ್ನೊಂದಿದೆ. ಎರಡರ 1092ನೇ ಘಾತದಿಂದ ಒಂದು ಕಳೆದರೆ, ಅದು 1093ರಿಂದಷ್ಟೇ ಅಲ್ಲ, 1093ರ ವರ್ಗದಿಂದಲೂ ಭಾಗವಾಗುತ್ತದೆ. ಇದನ್ನು 1913ರಲ್ಲಿ ಗಣಿತಜ್ಞ ಮೈಸ್ನರ್ ಕಂಡುಹಿಡಿದರು. ಇಂಥ ಇನ್ನೊಂದು ಅವಿಭಾಜ್ಯ ಗೊತ್ತಿರುವುದು 3511 ಮಾತ್ರ. ಇವೆರಡರಿಂದಲೂ ಒಂದೊಂದು ಕಳೆದು ನೋಡಿ: ಬೇಸ್ 16ರಲ್ಲಿ 1092 ಅಂದರೆ 444, ಬೇಸ್ 8ರಲ್ಲಿ 3510 ಅಂದರೆ 6666. ವಿಚಿತ್ರ ಅಲ್ವಾ?