ಅಪ್‌ಡೇಟ್: ಅಪ್ಪ ಕಣ್ಣು ಬಿಟ್ಟರು

ಬೀದಿಯಲ್ಲಿ ಹೃದಯ ನಿಂತು ಕುಸಿದ ಅಪ್ಪನಿಗೆ, ಪ್ರಜ್ಞೆ ಬರುವ ಮುನ್ನವೇ ಆಂಜಿಯೋಪ್ಲಾಸ್ಟಿ (ಹೃದಯದ ಮುಚ್ಚಿದ ರಕ್ತನಾಳ ತೆರೆಯುವ ಚಿಕಿತ್ಸೆ) ಮಾಡಿಸಬೇಕೇ, ಕಾಯಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಋಣಿ.

ಅಂದೇ ರಾತ್ರಿ ಸಹಿ ಹಾಕಿದೆವು. ಇಸಿಜಿಯಲ್ಲಿ ಎಸ್‌ಟಿ ಭಾಗ, ಅಂದರೆ ಪ್ರತಿ ಬಡಿತದ ಗೆರೆಯ ಒಂದು ತುಣುಕು, ಮೇಲೆದ್ದಿತ್ತು. ಹೃದಯದ ರಕ್ತನಾಳ ಪೂರ್ತಿ ಮುಚ್ಚಿರುವ ಸೂಚನೆಯದು, ಕಾಯುವಂತಿರಲಿಲ್ಲ. ನಾಳವನ್ನು ತೆರೆದಿಡುವ ಒಂದು ಸ್ಟೆಂಟ್ ಹಾಕಿದರು. ಹೃದಯ ನಿಂತವರಲ್ಲಿ ಆ ಏರಿಕೆ ಇಲ್ಲದವರಿಗೆ ತಕ್ಷಣದ ಆಂಜಿಯೋಗ್ರಾಮ್‌ನಿಂದ (ನಾಳಗಳಿಗೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್‌ರೇ) ಬದುಕುಳಿಯುವ ಸಾಧ್ಯತೆ ಹೆಚ್ಚಲಿಲ್ಲವೆಂದು ನೆದರ್ಲೆಂಡ್ಸ್‌ನ ಕೋಆಕ್ಟ್ ಅಧ್ಯಯನ 2019ರಲ್ಲಿ ತೋರಿಸಿತ್ತು ಎಂದು ವೈದ್ಯರು ವಿವರಿಸಿದರು. ನಿಮ್ಮಲ್ಲಿ ಕೆಲವರು ‘ಕಾಯಿರಿ’ ಎಂದದ್ದು ಬಹುಶಃ ಅದಕ್ಕೇ.

ನಾಲ್ಕನೆಯ ದಿನ ಅಪ್ಪ ನನ್ನ ಹೆಬ್ಬೆರಳು ಹಿಡಿದು, “ಎದೆ ನೋಯುತ್ತಿದೆ” ಎಂದರು. ಎರಡು ಪಕ್ಕೆಲುಬು ಮುರಿದಿವೆ. ಆಂಬುಲೆನ್ಸ್ ಬರುವವರೆಗೂ ಬಿಡದೆ ಎದೆ ಒತ್ತಿದವನು ಔಷಧಿ ಅಂಗಡಿಯ ಹುಡುಗ. ನಾಳೆ ಅವನನ್ನು ಕಾಣಲು ಅಮ್ಮನೊಂದಿಗೆ ಹೋಗುತ್ತಿದ್ದೇನೆ.